ಬೋರಿನ ನೀರು, ಆರು ಮಂದಿ, ಒಂದು ಬಚ್ಚಲು

ವಿಜಯಪುರಕ್ಕೆ ಓದಲು ಬಂದ ಮೊದಲ ವರ್ಷ ನಾವು ಆರು ಹುಡುಗಿಯರು ಕೂಡಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆವು. ಬಚ್ಚಲು ಒಂದು, ಸಂಡಾಸು ಒಂದು. ಕುಡಿಯಲಿಕ್ಕೆ ಕೃಷ್ಣೆಯ ನೀರು, ಉಳಿದ ಎಲ್ಲದಕ್ಕೂ ಬೋರಿನ ನೀರು. ನಾನು ಬಬಲೇಶ್ವರದ ಕಡೆಯವಳು. ಜೊತೆಗಿದ್ದ ಗೆಳತಿ ತಿಕೋಟಾದ ದ್ರಾಕ್ಷಿ ತೋಟದ ಮನೆಯ ಮಗಳು. ರವಿವಾರ ಬಂತೆಂದರೆ ಪಾಳಿ ಯಾರದು ಎಂಬ ಜಗಳ ತಪ್ಪುತ್ತಿರಲಿಲ್ಲ. ಬಚ್ಚಲು ತೊಳೆಯುವ ಬಗ್ಗೆ ನಮ್ಮ ತಲೆಯಲ್ಲಿದ್ದ ತಪ್ಪು ನಂಬಿಕೆಗಳು ಒಂದೊಂದಾಗಿ ಬಿಟ್ಟುಹೋದ ಮೇಲೆ ಆ ಜಗಳವೂ ನಿಂತಿತು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಬಿಳಿ ಕಲೆ ಹೋಗಬೇಕಾದರೆ ರಟ್ಟೆ ಸೋಲುವಂತೆ ತಿಕ್ಕಬೇಕು.

ವಾಸ್ತವ: ನಲ್ಲಿಯ ಬುಡದಲ್ಲಿ, ಬಕೆಟ್ಟಿನ ಒಳಗೆ, ಸಂಡಾಸದ ಗುಂಡಿಯ ಸುತ್ತ ಕಟ್ಟುವ ಆ ಬಿಳಿ ಪದರು ಕೊಳೆಯೇ ಅಲ್ಲ, ಕಲ್ಲು. ನಮ್ಮ ಭಾಗದ ಕಪ್ಪು ಬಂಡೆಯ ಸಂದಿಗಳಲ್ಲಿ ಇಳಿದ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಬೋರಿಗೆ ಬರುತ್ತದೆ. ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಒಮ್ಮೆ ನಾನು ತಂತಿ ಬ್ರಷ್ ಹಿಡಿದು ಅರ್ಧ ತಾಸು ಒದ್ದಾಡುವುದನ್ನು ನೋಡಿ ತಿಕೋಟಾದ ಗೆಳತಿ ಹೇಳಿದಳು: "ಏ, ತಿಕ್ಕಬ್ಯಾಡ ಬಿಡು. ನಮ್ಮ ಡ್ರಿಪ್ ಪೈಪಿನ ತೂತೂ ಹಿಂಗ ಕಟ್ಟತಾವ. ನಮ್ಮಪ್ಪ ಆ್ಯಸಿಡ್ ಬಿಟ್ಟು ಒಂದ ದಿನ ಬಂದ್ ಇಡತಾನ, ಆಮ್ಯಾಲೆ ನೀರ ಬಿಡತಾನ. ಯಾರರೆ ಪೈಪ ತಿಕ್ಕತಾರೇನ?"

ಅವತ್ತಿನಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಹುಳಿಯಾದುದು ಯಾವುದಾದರೂ ಸುಣ್ಣವನ್ನು ಕರಗಿಸುತ್ತದೆ; ಅದಕ್ಕೆ ಬೇಕಾದದ್ದು ಹೊತ್ತು. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್) ನೀರಿನಲ್ಲಿ ಕರಗಿಸಿ, ಅದರಲ್ಲಿ ಹಳೆಯ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ತಾಸು ಬಿಟ್ಟರೆ ಪದರು ಸಡಿಲಾಗುತ್ತದೆ. ಸಂಡಾಸಕ್ಕೆ ಅಂಗಡಿಯಲ್ಲಿ ಸಿಗುವ ಹಾರ್ಪಿಕ್‌ನಂಥ ದ್ರವವನ್ನು ಎಲ್ಲರ ಸ್ನಾನ ಮುಗಿದ ಮೇಲೆ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಪುಸ್ತಕ ಹಿಡಿದು ಕೂತರಾಯಿತು. ಆಮೇಲೆ ಉದ್ದ ಹಿಡಿಕೆಯ ಬ್ರಷ್ ನಾಲ್ಕು ಸುತ್ತು ತಿರುಗಿಸಿದರೆ ಸಾಕು. ಮೊಣಕಾಲು ಊರಿ ಕೂರುವ ಪ್ರಮೇಯವೇ ಇಲ್ಲ.

ತಪ್ಪು ಕಲ್ಪನೆ: ಆ್ಯಸಿಡ್ ಹಾಕಿದರೆ ಎಂಥ ನೆಲವೂ ಹೊಳೆಯುತ್ತದೆ.

ವಾಸ್ತವ: ನಮ್ಮ ಕಡೆಯ ಹಳೆಯ ಮನೆಗಳ ಬಚ್ಚಲಿಗೆ ಹಾಸಿದ್ದು ಶಹಾಬಾದ ಪರಸಿ. ಅದು ಸುಣ್ಣದ ಕಲ್ಲು. ಮೊಸಾಯಿಕ್‌ನಲ್ಲಿರುವ ಅಮೃತಶಿಲೆಯ ಚೂರುಗಳೂ ಅದೇ ಜಾತಿ. ಆ್ಯಸಿಡ್ ಬಿದ್ದಾಗ ಬುರುಬುರು ನೊರೆ ಬಂದರೆ ಕೊಳೆ ಏಳುತ್ತಿದೆ ಎಂದು ಖುಷಿಪಡುತ್ತೇವೆ, ಕರಗುತ್ತಿರುವುದು ನೆಲವೇ. ಟೈಲ್ಸ್ ನಡುವಿನ ಸಿಮೆಂಟಿಗೂ ಇದೇ ಗತಿ. ಹಾಗೆ ತಿಂದುಹೋಗಿ ಒರಟಾದ ಕಲ್ಲಿನಲ್ಲಿ ಮುಂದಿನ ವಾರ ಇನ್ನಷ್ಟು ಕೊಳೆ ಕೂರುತ್ತದೆ. ಪರಸಿಗೆ ನಿಂಬೆಹುಳಿಯೂ ಬೇಡ. ಬಟ್ಟೆ ಒಗೆಯುವ ಪುಡಿ, ಕಡ್ಡಿ ಕಸಬರಿಗೆ ಸಾಕು. ಉಳಿದ ಸಾಬೂನಿನ ಚೂರಿನಿಂದ ನೆಲ ತೊಳೆಯಬೇಡಿ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಗಸಿಯಾಗಿ ನೆಲಕ್ಕೆ ಅಂಟುತ್ತದೆ. ಕಾಲು ಜಾರುವುದು ಅದರಿಂದಲೇ.

ತಪ್ಪು ಕಲ್ಪನೆ: ಎರಡು ಔಷಧ ಕೂಡಿಸಿದರೆ ಕೆಲಸ ಬೇಗ ಆಗುತ್ತದೆ.

ವಾಸ್ತವ: ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆಯ ಹಿಂದಿನ ದಿನ, ಬೇಗ ಮುಗಿಸಬೇಕೆಂದು, ನಮ್ಮಲ್ಲೊಬ್ಬಳು ಆ್ಯಸಿಡ್ ಸುರಿದ ಸಂಡಾಸಕ್ಕೆ ಬ್ಲೀಚಿಂಗ್ ಪುಡಿ ಉದುರಿಸಿದಳು. ಎರಡು ಉಸಿರಿನಲ್ಲಿ ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು. ಬಾಗಿಲು ತೆರೆದೇ ಇದ್ದುದರಿಂದ ಅವಳನ್ನು ತಕ್ಷಣ ಹೊರಗೆ ಎಳೆದುಕೊಂಡೆವು. ಅಲ್ಲಿ ಎದ್ದದ್ದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ ಇರುವುದರಿಂದ ಅದು ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ನಾವು ಕುಕ್ಕರಗಾಲಲ್ಲಿ ಕೂತು ತಿಕ್ಕುವಾಗ ನಮ್ಮ ಮೂಗು ಇರುವುದೂ ಅಲ್ಲೇ. ಇಂಥ ವಾಸನೆ ಬಂದರೆ ತೊಳೆಯಲು ನಿಲ್ಲದೆ ಹೊರಗೆ ಬಂದುಬಿಡಬೇಕು.

ಇಲ್ಲೂ ದ್ರಾಕ್ಷಿ ತೋಟದವರ ಪದ್ಧತಿಯೇ ಸರಿ. ಪೈಪಿನ ಉಪ್ಪಿಗೆ ಆ್ಯಸಿಡ್, ಪಾಚಿ ಲೋಳೆಗೆ ಕ್ಲೋರಿನ್. ಎರಡನ್ನೂ ಒಂದೇ ಹೊತ್ತಿಗೆ ಬಿಡುವುದಿಲ್ಲ. ನಾವೂ ಹಾಗೇ ಮಾಡಿದೆವು: ರವಿವಾರ ಹುಳಿ, ಗುರುವಾರ ಬ್ಲೀಚಿಂಗ್. ನಡುವೆ ಎರಡು ಮೂರು ದಿನ, ಸಾಕಷ್ಟು ನೀರು. ಬಾಟಲಿಗಳನ್ನು ಬೇರೆ ಬೇರೆ ಮೂಲೆಯಲ್ಲಿ ಇಟ್ಟೆವು.

ಅಡುಗೆ ಸೋಡಾ, ನಿಂಬೆರಸ ಕೂಡಿಸುವುದೂ ಒಂದು ಇದೆ. ಅಪಾಯವಿಲ್ಲ, ಆದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆದುಬಿಡುತ್ತದೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚೂಕಡಿಮೆ ಉಪ್ಪುನೀರು.

ತಪ್ಪು ಕಲ್ಪನೆ: ಫಿನೈಲ್ ಘಮ ಬಂದರೆ ಬಚ್ಚಲು ಸ್ವಚ್ಛವಾಯಿತು.

ವಾಸ್ತವ: ಘಮ ಮೂಗಿಗೆ, ಕೊಳೆ ನೆಲಕ್ಕೆ. ಮೊದಲು ಲೋಳೆ ತೆಗೆಯಬೇಕು, ಆಮೇಲೆ ಫಿನೈಲ್.

ತಪ್ಪು ಕಲ್ಪನೆ: ನೀರು ಸುರಿದಷ್ಟೂ ಒಳ್ಳೆಯದು.

ವಾಸ್ತವ: ಬೇಸಿಗೆಯಲ್ಲಿ ಬೋರು ಬತ್ತುವ ಊರಿನಲ್ಲಿ ಇದು ದುಬಾರಿ ನಂಬಿಕೆ. ಕೂದಲು ಒಣಗಿದ್ದಾಗ ಕೈಗೆ ಸಿಗುತ್ತದೆ. ಒದ್ದೆಯಾದರೆ ಜಾಲರಿಗೆ ಹೋಗಿ ಗಂಟು ಹಾಕಿಕೊಳ್ಳುತ್ತದೆ. ಹಾಗಾಗಿ ಮೊದಲು ಒಣ ಕಸ ಗುಡಿಸಿ ಕಾಗದದಲ್ಲಿ ಕಟ್ಟಬೇಕು. ಕೊನೆಗೆ ವೈಪರ್‌ನಿಂದ ನೀರು ಎಳೆಯುವುದು ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಭಾಗ. ನಿಂತ ನೀರು ಆರಿದಲ್ಲಿ ಸುಣ್ಣ ಕೂರುತ್ತದೆ. ನಿಲ್ಲಲು ಬಿಡದಿದ್ದರೆ ರವಿವಾರದ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕೊನೆಗೆ ಸ್ನಾನ ಮಾಡಿದವಳು ವೈಪರ್ ಎಳೆಯಬೇಕು ಎಂಬ ಒಂದು ನಿಯಮ ಮಾಡಿದೆವು. ಅರ್ಧ ನಿಮಿಷದ ಕೆಲಸ. ದಿನಕ್ಕೊಬ್ಬಳಂತೆ ಆರು ದಿನ ಹತ್ತತ್ತು ನಿಮಿಷದ ಪಾಳಿ, ಏಳನೆಯ ದಿನ ರಜೆ. ರವಿವಾರ, ಗುರುವಾರ ಸಿಕ್ಕವಳಿಗೆ ತುಸು ಹೆಚ್ಚು ಕೆಲಸ ಎಂದು ವಾರ ವಾರ ಸರದಿ ಬದಲಿಸುತ್ತಿದ್ದೆವು.

ತಪ್ಪು ಕಲ್ಪನೆ: ಸಂಡಾಸ ತೊಳೆಯುವುದು ನಮ್ಮಂಥವರ ಕೆಲಸವಲ್ಲ, ಅದಕ್ಕೆ ಬೇರೆ ಮಂದಿ ಇದ್ದಾರೆ.

ವಾಸ್ತವ: ಈ ಮಾತು ನಮ್ಮ ಮನೆಯೊಳಗೂ ಬಂತು, ಮೆಲುದನಿಯಲ್ಲಿ. ಆರು ಮಂದಿ ಕೊಳೆ ಮಾಡಿ ಒಂದು ಜಾತಿಯ ಹೆಂಗಸು ಬಂದು ತೊಳೆಯಲಿ ಎನ್ನುವುದನ್ನು ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ತಲೆಯ ಮೇಲೆ ಮಲ ಹೊರಿಸುವುದನ್ನು ಮಂತ್ರಿ ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸರ್ಕಾರದ ಕಾಲದಲ್ಲೇ ನಿಷೇಧಿಸಿದ್ದ ನಾಡು ಇದು. ಇದೇ ನಾಡಿನಲ್ಲಿ 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿದೆವು. ಬೆಳೆದ ವಿದ್ಯಾರ್ಥಿಗಳು ತಾವು ಬಳಸುವ ಬಚ್ಚಲನ್ನು ಪಾಳಿಯಲ್ಲಿ ತೊಳೆದುಕೊಳ್ಳುವುದು ಬೇರೆ, ಯಾರನ್ನಾದರೂ ಗುಂಡಿಗೆ ಇಳಿಸುವುದು ಬೇರೆ. ಎರಡನೆಯದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಗುಂಡಿ ತುಂಬಿದಾಗ ಪಕ್ಕದವರು "ಇಬ್ಬರನ್ನ ಕರೀರಿ, ಅಗ್ಗದಾಗ ಆಗತದ" ಎಂದರು. ನಾವು ಆರೂ ಮಂದಿ ಮಾಲೀಕರ ಮನೆಗೆ ಹೋಗಿ ಕೂತು, ಮರುದಿನ ಬೆಳಿಗ್ಗೆ ಮಲ ಹೀರುವ ಗಾಡಿಯನ್ನೇ ತರಿಸಿದೆವು.