ತಾಯಿ ಎಸೆಯದೆ ಉಳಿಸಿದ ಹತ್ತು ಸಾವಿರ ವಸ್ತುಗಳು

ಒಣಗಿ ಬಿರುಕುಬಿಟ್ಟ ಸೋಪು, ಹಿಂಡಿ ಚಪ್ಪಟೆಯಾದ ಟೂತ್‌ಪೇಸ್ಟ್ ಟ್ಯೂಬು, ಬಾಟಲಿ ಮುಚ್ಚಳ, ಸವೆದ ಚಪ್ಪಲಿ, ಮಡಿಸಿಟ್ಟ ಪ್ಲಾಸ್ಟಿಕ್ ಚೀಲ. ಗುಜರಿ ಅಂಗಡಿಯಲ್ಲಿ ಇವನ್ನು ಯಾರೂ ನಿಂತು ನೋಡುವುದಿಲ್ಲ. ಆದರೆ 2009ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ನೆಲದ ಮೇಲೆ ಇವೇ ಸಾಲುಸಾಲಾಗಿ ಹರಡಿದ್ದವು. ಇದನ್ನು ರೂಪಿಸಿದವರು ಚೀನಾದ ಕಲಾವಿದ ಸಾಂಗ್ ಡಾಂಗ್.

1966ರಲ್ಲಿ, ಸಾಂಸ್ಕೃತಿಕ ಕ್ರಾಂತಿ ಆರಂಭವಾದ ವರ್ಷವೇ, ಬೀಜಿಂಗ್‌ನಲ್ಲಿ ಹುಟ್ಟಿದ ಸಾಂಗ್ ಕಲಿತದ್ದು ಚಿತ್ರಕಲೆ. ಮುಂದೆ ಅವರು ವಿಡಿಯೊ, ಛಾಯಾಚಿತ್ರ, ಪ್ರತಿಷ್ಠಾಪನ ಕಲೆಗಳತ್ತ ಹೊರಳಿದರು. ವಸ್ತು ಮಾತ್ರ ಸದಾ ಮನೆಯದೇ. ಬಾಲ್ಯದಲ್ಲಿ ಕಾಗದ, ಮಸಿ ಉಳಿಯಲೆಂದು ತಂದೆ ಕಲ್ಲಿನ ಮೇಲೆ ನೀರಿನಿಂದ ಅಕ್ಷರ ತಿದ್ದಲು ಹೇಳಿಕೊಟ್ಟಿದ್ದರು. 1995ರಲ್ಲಿ ಅದೇ ಬಗೆಯಲ್ಲಿ ಸಾಂಗ್ ದಿನಚರಿ ಬರೆಯತೊಡಗಿದರು. ಬರೆದದ್ದು ನೋಡನೋಡುತ್ತಲೇ ಆರಿಹೋಗುತ್ತಿತ್ತು. ತಂದೆ-ಮಗನ ನಡುವೆ ಸಲಿಗೆಯಿರಲಿಲ್ಲ. 1997ರಲ್ಲಿ ಸಾಂಗ್ ತಮ್ಮ ಕೈಯನ್ನು ವಿಡಿಯೊದಲ್ಲಿ ಚಿತ್ರಿಸಿ, ಆ ಬಿಂಬವನ್ನು ತಂದೆಯ ಮೈಮೇಲೆ ಹಾಯಿಸಿದರು. ಮುಟ್ಟಲಾಗದವರನ್ನು ಬೆಳಕಿನಿಂದ ಮುಟ್ಟಿದರು.

ಆ ತಂದೆ 2002ರಲ್ಲಿ ಹಠಾತ್ತನೆ ತೀರಿಕೊಂಡರು. ದುಃಖದಲ್ಲಿ ಮುಳುಗಿದ ತಾಯಿ ಝಾವೊ ಶಿಯಾಂಗ್‌ಯುವಾನ್ ಮನೆ ತುಂಬ ಸಾಮಾನು ಪೇರಿಸತೊಡಗಿದರು. ಏನನ್ನೂ ಎಸೆಯದಿರುವುದು ಆಕೆಯ ಹಳೆಯ ರೂಢಿ. ಬಟ್ಟೆ, ಸೋಪು, ಧಾನ್ಯ ಎಲ್ಲವೂ ಪಡಿತರದಲ್ಲಿ ಸಿಗುತ್ತಿದ್ದ ಕಾಲದಲ್ಲಿ ಸಂಸಾರ ತೂಗಿಸಿದವರು ಆಕೆ. ಮಕ್ಕಳಿಗೆ ಕೊರತೆಯಾಗದಿರಲೆಂದು ಕೂಡಿಟ್ಟ ಸೋಪನ್ನು ಮಗನ ಮದುವೆಯ ಸಮಯದಲ್ಲಿ ಕೊಡಹೋದರೆ, ಅಷ್ಟರಲ್ಲಿ ಆತನ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದಿತ್ತು!

ಸಾಮಾನು ಎಸೆಯಿರೆಂದರೆ ತಾಯಿ ಒಪ್ಪುತ್ತಿರಲಿಲ್ಲ. ಕಡೆಗೆ ಮಗ ಆಕೆಯನ್ನೇ ಜೊತೆಗೂಡಿಸಿಕೊಂಡು ಕಲಾಕೃತಿ ಮಾಡಿದರು. 2005ರಲ್ಲಿ ಬೀಜಿಂಗ್‌ನಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ವಸ್ತುಗಳು, ಹಳೆಯ ಮನೆಯ ಮರದ ಚೌಕಟ್ಟಿನೊಡನೆ, ಪ್ರದರ್ಶನಗೊಂಡವು. 'ಯಾವುದನ್ನೂ ವ್ಯರ್ಥ ಮಾಡಬೇಡ' ಎಂಬುದು ಅದರ ಚೀನೀ ಹೆಸರಿನ ಭಾವ. ತಂದೆಗೆ ಚಿಂತೆ ಬೇಡ, ನಾವೆಲ್ಲ ಚೆನ್ನಾಗಿದ್ದೇವೆ ಎಂಬ ಒಕ್ಕಣೆ ನಿಯಾನ್ ದೀಪಗಳಲ್ಲಿ ಹೊಳೆಯುತ್ತಿತ್ತು. ತಾಯಿ ಅಲ್ಲೇ ಕುಳಿತು ಬಂದವರೊಡನೆ ಮಾತನಾಡುತ್ತಿದ್ದರು. ಒಂಟಿಯಾಗಿದ್ದ ಆಕೆಗೆ ಮತ್ತೆ ಮಾತಿನ ಜೊತೆ ಸಿಕ್ಕಿತು.

ದೇಶದ ಚರಿತ್ರೆಯಲ್ಲಿ ಕ್ರಾಂತಿಗಳು, ನಾಯಕರು ಇರುತ್ತಾರೆ. ಅದೇ ವರ್ಷಗಳಲ್ಲಿ ಒಬ್ಬ ಗೃಹಿಣಿ ಎಷ್ಟು ಹೆದರಿ, ಎಷ್ಟು ಲೆಕ್ಕಹಾಕಿ ಬದುಕಿದಳೆಂಬುದಕ್ಕೆ ದಾಖಲೆ ಎಲ್ಲಿದೆ? ಬಳಸದೆ ಉಳಿದ ಆ ಸೋಪಿನಲ್ಲಿದೆ. 2009ರ ಆರಂಭದಲ್ಲಿ ತಾಯಿ ತೀರಿಕೊಂಡರು. ನ್ಯೂಯಾರ್ಕಿನ ಪ್ರದರ್ಶನವನ್ನು ನೋಡಲು ಆಕೆ ಇರಲಿಲ್ಲ. ಆಕೆ ಕೂಡಿಟ್ಟದ್ದೆಲ್ಲ ಅಲ್ಲಿತ್ತು.