ತಾಯಿಯ ನಾಡು ಮಗುವಿಗೇಕಿಲ್ಲ?

ಮಗುವಿನ ಜೀವಕೋಶದಲ್ಲಿರುವ 46 ವರ್ಣತಂತುಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬಂದಿರುತ್ತವೆ. ಪ್ರಕೃತಿಯ ಈ ಸಮಪಾಲು ಹೈಸ್ಕೂಲು ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಆದರೆ ತಂದೆ ಒಂದು ದೇಶದವನು, ತಾಯಿ ಇನ್ನೊಂದು ದೇಶದವಳು ಆದಾಗ ಮಗು ಯಾವ ದೇಶದ್ದು? ಅನೇಕ ದೇಶಗಳ ಕಾನೂನು ಬಹುಕಾಲ ತಂದೆಯ ಪಾಲನ್ನಷ್ಟೇ ಎಣಿಸುತ್ತಿತ್ತು. ಅದರ ಕಷ್ಟವನ್ನು ಉಂಡವರಲ್ಲಿ ಜಪಾನಿನ ಒಕಿನಾವಾ ದ್ವೀಪದ ಮಕ್ಕಳೂ ಸೇರಿದ್ದಾರೆ.

ಎರಡನೆಯ ಮಹಾಯುದ್ಧದ ನಂತರ 1972ರವರೆಗೆ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಅಮೆರಿಕದ ಸೇನಾನೆಲೆಗಳು ಇಂದಿಗೂ ಅಲ್ಲಿವೆ. ಅಲ್ಲಿನ ಸೈನಿಕರನ್ನು ಮದುವೆಯಾದ ಸ್ಥಳೀಯ ಹೆಣ್ಣುಮಕ್ಕಳು ಹಲವರು. ಜಪಾನಿನ 1950ರ ಕಾನೂನಿನಂತೆ ಮಗುವಿಗೆ ತಂದೆಯ ಪೌರತ್ವವೇ ಗತಿ. ಅಮೆರಿಕದ ಅಂದಿನ ಕಾನೂನಾದರೋ, ತಂದೆ 10 ವರ್ಷ ಅಮೆರಿಕದ ವಾಸಿಯಾಗಿರಬೇಕು, ಅದರಲ್ಲಿ 5 ವರ್ಷ ಅವನಿಗೆ 14 ತುಂಬಿದ ಮೇಲಿನದಾಗಿರಬೇಕು ಎನ್ನುತ್ತಿತ್ತು. ತಂದೆಗೆ 19 ತುಂಬಿರದಿದ್ದರೆ ಮಗುವಿಗೆ ಅತ್ತ ಅಮೆರಿಕವೂ ಇಲ್ಲ, ಇತ್ತ ಜಪಾನೂ ಇಲ್ಲ! ವಿಚಿತ್ರವೆಂದರೆ, ತಂದೆ ಯಾರೆಂದು ದಾಖಲಾಗದಿದ್ದರೆ ಅದೇ ಮಗು ಜಪಾನೀ ಪ್ರಜೆಯಾಗುತ್ತಿತ್ತು. ಮದುವೆಯಾದದ್ದೇ ಮಗುವಿಗೆ ಮುಳುವಾಯಿತು.

ಪೌರತ್ವವಿಲ್ಲದ ತೊಡಕು ಆಸ್ಪತ್ರೆಯ ಬಾಗಿಲವರೆಗೂ ಬರುತ್ತದೆ. ಜಪಾನಿನಲ್ಲಿ 1961ರಲ್ಲಿ ಆರೋಗ್ಯ ವಿಮೆ ಸಾರ್ವತ್ರಿಕವಾಯಿತಾದರೂ, ಪುರಸಭೆಗಳು ನಡೆಸುವ ರಾಷ್ಟ್ರೀಯ ವಿಮೆಗೆ ಇದ್ದ ಪೌರತ್ವದ ಷರತ್ತು ಹೋದದ್ದು 1986ರಲ್ಲಿ. ಅದಕ್ಕೂ ಮುನ್ನ, 1985ರ ಜನವರಿ 1ರಿಂದ, ತಾಯಿ ಜಪಾನಿನವಳಾದರೂ ಮಗುವಿಗೆ ಪೌರತ್ವ ಸಿಗತೊಡಗಿತು. ಮೊದಲೇ ಹುಟ್ಟಿ ಇನ್ನೂ 20 ತುಂಬದಿದ್ದವರಿಗೂ ಅರ್ಜಿ ಸಲ್ಲಿಸಲು ಮೂರು ವರ್ಷಗಳ ಅವಕಾಶ ದೊರೆಯಿತು.

ಇನ್ನೊಂದು ಅನ್ಯಾಯ ಉಳಿದಿತ್ತು. ಜಪಾನೀ ತಂದೆ, ವಿದೇಶಿ ತಾಯಿ ಮದುವೆಯಾಗಿರದಿದ್ದರೆ, ಹುಟ್ಟುವ ಮುನ್ನವೇ ತಂದೆ ಒಪ್ಪಿಕೊಂಡ ಮಗುವಿಗೆ ಪೌರತ್ವ ಸಿಗುತ್ತಿತ್ತು. ಹುಟ್ಟಿದ ಮೇಲೆ ಒಪ್ಪಿಕೊಂಡರೆ ತಂದೆತಾಯಿ ಮದುವೆಯಾಗಬೇಕಿತ್ತು. ಫಿಲಿಪೀನ್ಸಿನ ತಾಯಂದಿರ 10 ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿದರು. ಈ ಷರತ್ತು ಸಂವಿಧಾನಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2008ರ ಜೂನ್ 4ರಂದು ತೀರ್ಪಿತ್ತಿತು.

ಇಂದು ಅಲ್ಲಿ 14 ದಿನಗಳೊಳಗೆ ಪುರಸಭೆಯಲ್ಲಿ ಜನನ ನೋಂದಾಯಿಸಬೇಕು. ಆರೋಗ್ಯ ವಿಮೆಯಲ್ಲಿರುವ ಮಗು ಶಾಲೆ ಸೇರುವವರೆಗೆ ಚಿಕಿತ್ಸಾ ವೆಚ್ಚದ ಶೇಕಡ 20ರಷ್ಟನ್ನು ಮಾತ್ರ ತೆರಬೇಕು. ಅದಕ್ಕೂ ಪುರಸಭೆಗಳು ನೆರವಾಗುತ್ತವೆ.

ಜಪಾನಿನ ಮಾತು ನಮಗೇಕೆ ಎನ್ನುವಂತಿಲ್ಲ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಮೂಲಕ ಭಾರತದ ಪೌರತ್ವ ಸಿಗತೊಡಗಿದ್ದೂ 1992ರ ಡಿಸೆಂಬರ್ 10ರಿಂದಲೇ. 2004ರ ಡಿಸೆಂಬರ್ 3ರ ನಂತರ ಅಂಥ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದೂ ಬರೆದುಕೊಡಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಕೂಸು ಹುಟ್ಟಿದ ಸುದ್ದಿ ಬಂದಾಗ ಹೆಸರೇನೆಂದು ಕೇಳುವ ಅಜ್ಜಿ ತಾತಂದಿರು, ನೋಂದಣಿ ಆಯಿತೇ ಎಂದೂ ಕೇಳುವುದು ಲೇಸು.