ಊರಿಗೆಲ್ಲ ಡಂಗುರ ಬೇಡ, ಬರುವ ಗಿರಾಕಿಗೆ ದಾರಿ ತೋರಿಸಿ

ದಾವಣಗೆರೆ: ಲೈಕು ಬಂತು, ಗಿರಾಕಿ ಬರಲಿಲ್ಲ. ಚೌಕಿಪೇಟೆಯಿಂದ ಹಿಡಿದು ಹದಡಿ ರಸ್ತೆಯವರೆಗೆ ಸಣ್ಣ ಅಂಗಡಿಯವರ ಈಗಿನ ಗೋಳು ಇದು. ಮೊಬೈಲಿನಲ್ಲಿ ಜಾಹೀರಾತು ಹಾಕಿದ್ದಾಯಿತು. ಹಬ್ಬಕ್ಕೊಂದು ಶುಭಾಶಯದ ಪೋಸ್ಟರ್ ಬಿಟ್ಟಿದ್ದಾಯಿತು. ಅದನ್ನೆಲ್ಲ ನೋಡಿಕೊಳ್ಳುವ ಹುಡುಗನಿಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದೂ ಆಯಿತು. ಸಾವಿರಾರು ಜನ ನೋಡಿದ್ದಾರೆ ಅಂತ ಮೊಬೈಲು ಹೇಳುತ್ತದೆ. ಸಂಜೆ ಗಲ್ಲಾಪೆಟ್ಟಿಗೆ ತೆಗೆದರೆ ಹಳೇ ಕಥೆಯೇ. ಲೈಕನ್ನು ಎಣಿಸಿ ಅಂಗಡಿ ಬಾಡಿಗೆ ಕಟ್ಟಲು ಬರುವುದಿಲ್ಲ.

ಹಾಗಂತ ಮೊಬೈಲ್ ಪ್ರಚಾರವೆಲ್ಲ ಬೋಗಸ್ ಅಂದುಬಿಟ್ಟರೆ ಅದೂ ತಪ್ಪೇ. ಕೆಟ್ಟಿರುವುದು ಪ್ರಚಾರವಲ್ಲ, ಗುರಿ. ಜಗಳೂರಿನಿಂದ ಬಸ್ಸಿಳಿದು ರವಿಕೆ ಹೊಲಿಸಲು ಬರುವ ಹೆಣ್ಣುಮಗಳಿಗೆ ಕಾಣಬೇಕಾದ ಜಾಹೀರಾತು ಬೆಳಗಾವಿಯ ಕಾಲೇಜು ಹುಡುಗನಿಗೆ ಕಂಡರೆ, ಅವನು ಒಂದು ಲೈಕು ಒತ್ತಿ ಮುಂದೆ ಹೋಗುತ್ತಾನೆ. ದರ್ಜಿಯ ದುಡ್ಡು ಮಾತ್ರ ಖರ್ಚಾಗಿರುತ್ತದೆ.

ಖಾಲಿ ಚೀಲದ ಲೆಕ್ಕ

ಪ್ರಚಾರ ಎಂಬುದು ಈ ಊರಿನ ವ್ಯಾಪಾರಿಗಳಿಗೆ ಹೊಸದೇನಲ್ಲ. ಹತ್ತಿ ಗಿರಣಿಗಳ ಸೈರನ್ ಕೂಗುತ್ತಿದ್ದ ಕಾಲದಲ್ಲಿ ಟಾಕೀಸಿನ ಇಂಟರ್ವಲ್ಲಿನಲ್ಲಿ ಗಾಜಿನ ಸ್ಲೈಡು ತೋರಿಸುತ್ತಿದ್ದರು. ಜಟಕಾಕ್ಕೋ ಆಟೋಕ್ಕೋ ಮೈಕು ಕಟ್ಟಿ, ಬಣ್ಣದ ಕರಪತ್ರ ತೂರುತ್ತ ಹೋಗುತ್ತಿದ್ದರು. ಗೋಡೆ ಖಾಲಿ ಕಂಡರೆ ಸುಣ್ಣ ಬಳಿದು ಅಂಗಡಿ ಹೆಸರು ಬರೆಸುತ್ತಿದ್ದರು.

ಆದರೆ ಕೈ ಬಿಗಿಯಿದ್ದ ವ್ಯಾಪಾರಿ ಆಗಲೂ ಲೆಕ್ಕ ನೋಡುತ್ತಿದ್ದ. ಇದ್ದ ಐನೂರು ಕರಪತ್ರವನ್ನು ಊರೆಲ್ಲ ತೂರುವ ಬದಲು, ಸಂತೆ ದಿನ ಹಳ್ಳಿ ಬಸ್ಸು ನಿಲ್ಲುವ ಕಡೆ ಒಬ್ಬ ಹುಡುಗನನ್ನು ನಿಲ್ಲಿಸುತ್ತಿದ್ದ. ಖಾಲಿ ಚೀಲ ಹಿಡಿದು ಇಳಿದವರಿಗೆ ಕೊಡು, ತುಂಬಿದ ಚೀಲ ಹಿಡಿದು ಹತ್ತುವವರಿಗೆ ಬೇಡ ಅಂತ ಹೇಳಿ ಕಳಿಸುತ್ತಿದ್ದ.

ಆ ಹುಡುಗನ ಕೆಲಸವನ್ನೇ ಈಗ ಮೊಬೈಲು ಮಾಡಬಲ್ಲದು. 2016ರ ಏಪ್ರಿಲ್‌ನಲ್ಲಿ ಯು.ಪಿ.ಐ. ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್‌ನೆಟ್ ದರ ನೆಲ ಕಚ್ಚಿತು. ಹಳ್ಳಿಯಿಂದ ಹೊರಟ ಬಸ್ಸಿನಲ್ಲಿ ಕೂತವರ ಕೈಯಲ್ಲೆಲ್ಲ ಈಗ ಮೊಬೈಲು. ಯಾವ ಅಂಗಡಿಗೆ ಹೋಗೋದು ಎಂಬುದು ಎಷ್ಟೋ ಸಲ ಬಸ್ಸಿಳಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಖಾಲಿ ಚೀಲ ಯಾರದ್ದು, ತುಂಬಿದ ಚೀಲ ಯಾರದ್ದು ಅಂತ ಮೊಬೈಲಿಗೆ ಹೇಳಿಕೊಡಬೇಕಾದವನು ಮಾತ್ರ ಅಂಗಡಿಯವನೇ.

ಮೊದಲು ಪುಕ್ಕಟೆ ಕೆಲಸ

ಜಾಹೀರಾತಿಗೆ ಒಂದು ಪೈಸೆ ಬಿಚ್ಚುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು ಸೇರಿಸುವುದು. 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂಬ ಹೆಸರಿನಲ್ಲಿ ಶುರುವಾದ ಈ ಸೌಲಭ್ಯಕ್ಕೆ 2021ರಿಂದ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಎಂಬ ಹೆಸರು. ಇದು ಪೂರಾ ಪುಕ್ಕಟೆ. ಅಂಗಡಿ ನಿಜವಾಗಿ ಇದೆಯೋ ಇಲ್ಲವೋ ಎಂದು ವಿಡಿಯೋ ಮೂಲಕವೋ ಫೋನ್ ಮೂಲಕವೋ ಖಾತ್ರಿ ಮಾಡಿಕೊಂಡು ಗೂಗಲ್ ಹೆಸರು ಸೇರಿಸುತ್ತದೆ.

“ನಮ್ದು ಮೂವತ್ತು ವರ್ಷದ ಅಂಗಡಿ ರೀ, ಎಲ್ಲರಿಗೂ ಗೊತ್ತೈತಿ, ಮ್ಯಾಪು ಯಾಕೆ?” ಎನ್ನುವ ಸಾಹುಕಾರರು ಪೇಟೆಯಲ್ಲಿ ಕಮ್ಮಿಯಿಲ್ಲ. ಗೊತ್ತಿರುವುದು ಹಳೇ ಗಿರಾಕಿಗೆ. ಆ ಗಿರಾಕಿಯ ಮಗಳು ಅಂಗಡಿ ಹುಡುಕುವುದು ಮೊಬೈಲಿಗೆ ಬಾಯಲ್ಲಿ ಹೇಳಿ: ‘ಹತ್ತಿರದ ಮಿಕ್ಸಿ ರಿಪೇರಿ’. ಆಗ ಮೂವತ್ತು ವರ್ಷದ ಅಂಗಡಿ ಕಾಣದೆ, ಮೂರು ತಿಂಗಳ ಹಿಂದೆ ಬಾಗಿಲು ತೆಗೆದ ಅಂಗಡಿ ಕಂಡರೆ ತಪ್ಪು ಯಾರದ್ದು?

ಯಾರ ಅಂಗಡಿಯನ್ನು ಮೇಲೆ ತೋರಿಸಬೇಕು ಎಂಬುದಕ್ಕೆ ಗೂಗಲ್ ಮೂರು ವಿಷಯ ನೋಡುವುದಾಗಿ ತಾನೇ ಹೇಳಿಕೊಂಡಿದೆ. ಹುಡುಕಿದ್ದಕ್ಕೂ ಅಂಗಡಿಯಲ್ಲಿ ಸಿಗುವುದಕ್ಕೂ ತಾಳೆ ಇದೆಯೇ ಎಂಬುದು ಒಂದು. ಹುಡುಕುವವನಿಂದ ಅಂಗಡಿ ಎಷ್ಟು ದೂರ ಎಂಬುದು ಇನ್ನೊಂದು. ಅಂಗಡಿಗೆ ಎಷ್ಟು ಹೆಸರಿದೆ ಎಂಬುದು ಮೂರನೆಯದು. ದೂರವನ್ನು ಬದಲಾಯಿಸಲು ಆಗದು, ಮಿಕ್ಕ ಎರಡು ಅಂಗಡಿಯವನ ಕೈಯಲ್ಲೇ ಇವೆ. ಬರೀ ‘ಎಲೆಕ್ಟ್ರಿಕಲ್ಸ್’ ಅಂತ ಬಿಡುವ ಬದಲು ಮಿಕ್ಸಿ, ಗ್ರೈಂಡರ್, ಫ್ಯಾನ್ ವೈಂಡಿಂಗ್ ಅಂತ ಮಾಡುವ ಕೆಲಸವನ್ನೆಲ್ಲ ವಿವರದಲ್ಲಿ ಬರೆಯಬೇಕು. ಹೆಸರು ಮಾತ್ರ ಬೋರ್ಡಿನ ಮೇಲೆ ಇದ್ದಂತೆಯೇ ಇರಬೇಕು. ಅದಕ್ಕೆ ‘ನಂಬರ್ ಒನ್’, ‘ಬೆಸ್ಟ್’ ಅಂತ ಬಾಲ ಸೇರಿಸಿದರೆ ಗೂಗಲ್ ನಿಯಮಕ್ಕೆ ವಿರುದ್ಧ.

ಬಾಗಿಲು ತೆಗೆಯುವ ಹೊತ್ತು, ಹಾಕುವ ಹೊತ್ತು, ವಾರದ ರಜೆ, ಫೋನ್ ನಂಬರು, ಹತ್ತಿರದ ಗುರುತು, ಅಂಗಡಿ ಮುಂಭಾಗದ ಈಗಿನ ಫೋಟೋ ಇಷ್ಟು ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ‘ತೆರೆದಿದೆ’ ಅಂತ ಮ್ಯಾಪು ನೋಡಿ ಹೊನ್ನಾಳಿಯಿಂದ ಬಂದವನು ಮುಚ್ಚಿದ ಶಟರ್ ನೋಡಿದರೆ ಅವನು ಮತ್ತೆ ಬರುವುದಿಲ್ಲ. ಬರದಿರುವುದಲ್ಲದೆ ಬಸ್ಸಿನಲ್ಲಿ ಪಕ್ಕದವನಿಗೂ ಹೇಳುತ್ತಾನೆ.

ಬಸ್ ರೂಟೇ ಗುರಿ

ಈಗ ದುಡ್ಡು ಕೊಟ್ಟು ಹಾಕುವ ಜಾಹೀರಾತು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ‘ಬೂಸ್ಟ್’ ಎಂಬ ಗುಂಡಿ ಒತ್ತಿ ಬಿಡುವುದು ಬಹಳ ಸುಲಭ. ದುಡ್ಡು ಹೋಗುವುದೂ ಅಲ್ಲೇ. ಅದೇ ಕಡೆ ಊರಿನ ಮ್ಯಾಪಿನ ಮೇಲೆ ಗುಂಡುಪಿನ್ನು ಚುಚ್ಚಿ, ಸುತ್ತ ಇಷ್ಟು ಕಿಲೋಮೀಟರಿನೊಳಗೆ ಇರುವವರಿಗೆ ಮಾತ್ರ ತೋರಿಸು ಎಂದು ಹೇಳುವ ಅವಕಾಶವೂ ಇದೆ. ಒಂದಲ್ಲ, ನಾಲ್ಕಾರು ಕಡೆ ಪಿನ್ನು ಚುಚ್ಚಬಹುದು. ಬೇಡದ ಜಾಗವನ್ನು ಕೈಬಿಡಬಹುದು.

ಇಲ್ಲೇ ಊರು ಬಲ್ಲವನ ಬುದ್ಧಿ ಕೆಲಸಕ್ಕೆ ಬರುವುದು. ಇಸ್ತ್ರಿ ಅಂಗಡಿಗೆ, ಬೆಳಗಿನ ತಿಂಡಿಯ ಹೋಟೆಲಿಗೆ ಎರಡು ಮೂರು ಬಡಾವಣೆ ಸಾಕು. ಸ್ಟೀಲ್ ಪಾತ್ರೆ, ಮದುವೆ ಬಟ್ಟೆ, ಬಳೆ ಅಂಗಡಿಯವರ ಗಿರಾಕಿ ಬರುವುದು ದೂರದಿಂದ, ಅದೂ ದುಂಡಗಿನ ಸುತ್ತಳತೆಯಿಂದಲ್ಲ, ಬಸ್ ರೂಟಿನ ಉದ್ದಕ್ಕೂ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಖಾಸಗಿ ಬಸ್ಸಿಗೆ ಇದು ಅನ್ವಯಿಸದು. ಆದ್ದರಿಂದ ಸರ್ಕಾರಿ ಬಸ್ಸು ಯಾವ ಊರಿಗೆ ಎಷ್ಟು ಹೊತ್ತಿಗೆ ಹೋಗಿಬರುತ್ತದೆ ಎಂಬ ವೇಳಾಪಟ್ಟಿಯೇ ಬಳೆ ಅಂಗಡಿಯವನ ಜಾಹೀರಾತಿನ ನಕ್ಷೆ. ಬಸ್ಸಿರುವ ಊರುಗಳ ಮೇಲೆ ಪಿನ್ನು ಚುಚ್ಚಿದರೆ ಸಾಕು, ಇಡೀ ಕರ್ನಾಟಕ ಬೇಕಿಲ್ಲ.

ಒಂದು ಎಚ್ಚರ. ಈ ಸುತ್ತಳತೆಯೊಳಗೆ ಅಲ್ಲಿ ವಾಸ ಮಾಡುವವರಷ್ಟೇ ಅಲ್ಲ, ಇತ್ತೀಚೆಗೆ ಅಲ್ಲಿಗೆ ಬಂದು ಹೋದವರೂ ಸೇರುತ್ತಾರೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಊರು ದಾಟಿದ ಲಾರಿ ಡ್ರೈವರಿಗೂ ಬಳೆಯ ಜಾಹೀರಾತು ಕಂಡೀತು. ವಯಸ್ಸು, ಗಂಡು, ಹೆಣ್ಣು ಎಂದು ಸೋಸುವ ಜರಡಿಯನ್ನೂ ಬಳಸಿದರೆ ಪೋಲು ಕಮ್ಮಿಯಾಗುತ್ತದೆ.

ಕಾಲವನ್ನೂ ನೋಡಬೇಕು. ವರ್ಷವಿಡೀ ದಿನಕ್ಕೆ ಐವತ್ತು ರೂಪಾಯಿಯಂತೆ ಸೋರಿಸುವುದಕ್ಕಿಂತ, ಗಿರಾಕಿಯ ಕೈಯಲ್ಲಿ ಕಾಸು ಆಡುವಾಗ ಒಂದು ವಾರ ಗಟ್ಟಿಯಾಗಿ ಹಾಕುವುದು ಮೇಲು. ಜಗಳೂರು ಕಡೆ ಮೆಕ್ಕೆಜೋಳದ ದುಡ್ಡು ಬರುವ ಹೊತ್ತು ಬೇರೆ, ಭದ್ರಾ ನಾಲೆಯ ಭತ್ತದ ಊರುಗಳ ಹೊತ್ತು ಬೇರೆ, ಚನ್ನಗಿರಿ ಅಡಿಕೆಯವರದ್ದು ಇನ್ನೂ ಬೇರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಮುಂಚೆ ಊರಿಗೆ ಊರೇ ಹೊಸ ಬಟ್ಟೆ ಹುಡುಕುತ್ತದೆ. ಇದು ಯಾವ ಕಂಪ್ಯೂಟರಿಗೂ ಗೊತ್ತಿಲ್ಲದ, ಪೇಟೆಯವನಿಗೆ ಮಾತ್ರ ಗೊತ್ತಿರುವ ವಿದ್ಯೆ.

413 ರೂಪಾಯಿ ಗಿರಾಕಿ

ಲಾಭ ನಷ್ಟ ತಿಳಿಯುವುದು ಹೇಗೆ? ಒಬ್ಬ ರವಿಕೆ ಹೊಲಿಯುವ ದರ್ಜಿಯ ಲೆಕ್ಕವನ್ನು ಉದಾಹರಣೆಗೆ ಹಾಕಿ ನೋಡಬಹುದು. ದಿನಕ್ಕೆ 200 ರೂಪಾಯಿಯಂತೆ ಏಳು ದಿನದ ಜಾಹೀರಾತು, 1,400 ರೂಪಾಯಿ. ಶೇ. 18ರ ಜಿ.ಎಸ್.ಟಿ. 252 ಸೇರಿ 1,652. ಜಾಹೀರಾತು ನೋಡಿ ಇಪ್ಪತ್ತು ಜನ ವಾಟ್ಸಾಪಿನಲ್ಲಿ ವಿಚಾರಿಸಿದರು, ಏಳು ಜನ ಅಂಗಡಿಗೆ ಬಂದರು, ನಾಲ್ವರು ಬಟ್ಟೆ ಕೊಟ್ಟರು ಅಂತಿಟ್ಟುಕೊಳ್ಳಿ. ಒಬ್ಬ ಗಿರಾಕಿ ಬಿದ್ದದ್ದು 413 ರೂಪಾಯಿಗೆ.

ಒಂದು ರವಿಕೆಗೆ ಖರ್ಚು ಕಳೆದು 150 ರೂಪಾಯಿ ಉಳಿದರೆ, ಮೊದಲ ಸಲ ದರ್ಜಿಗೆ ನಷ್ಟವೇ. ಆದರೆ ಅದೇ ಹೆಣ್ಣುಮಗಳು ಮೂರನೇ ರವಿಕೆಗೆ ಬಂದರೆ 450 ರೂಪಾಯಿ ಉಳಿದು ಹಾಕಿದ್ದು ವಾಪಸ್ಸಾಯಿತು. ನಾಲ್ಕನೆಯದರಿಂದ ಲಾಭ. ಅಂದರೆ ಜಾಹೀರಾತು ಗಿರಾಕಿಯನ್ನು ಬಾಗಿಲವರೆಗೆ ತಂದು ಬಿಡುತ್ತದೆ ಅಷ್ಟೆ. ಒಳಗೆ ಕರೆದು ಕೂರಿಸಿ, ಅಳತೆ ಸರಿ ತೆಗೆದು, ಹೇಳಿದ ದಿನಕ್ಕೆ ಕೊಟ್ಟವನಿಗೆ ಅದು ದಕ್ಕುತ್ತದೆ. “ನಾಳೆ ಬರ್ರಿ, ನಾಡಿದ್ದು ಬರ್ರಿ” ಎನ್ನುವ ದರ್ಜಿ ದುಡ್ಡು ಕೊಟ್ಟು ಕೆಟ್ಟ ಹೆಸರು ಕೊಂಡಂತೆ.

ಈ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಗಲ್ಲಾ ಪಕ್ಕ ಒಂದು ನೋಟ್‌ಬುಕ್ಕು ಇಟ್ಟು, ಹೊಸ ಮುಖ ಕಂಡಾಗಲೆಲ್ಲ “ಯಾರು ಹೇಳಿದ್ರು ನಮ್ಮ ಅಂಗಡಿ?” ಎಂದು ಕೇಳಿ ಗೀಟು ಹಾಕಿದರೆ ಸಾಕು. ಮ್ಯಾಪು, ಫೇಸ್‌ಬುಕ್ಕು, ಪರಿಚಯದವರು, ಬೋರ್ಡು ಎಂದು ನಾಲ್ಕು ಕಾಲಂ. ತಿಂಗಳ ಕೊನೆಗೆ ಯಾವ ಕಾಲಮ್ಮಿನಲ್ಲಿ ಗೀಟು ಇಲ್ಲವೋ ಆ ಖರ್ಚು ಬಂದ್.

ನಂಬರಿನ ಪುಸ್ತಕ

ಬಂದ ಗಿರಾಕಿ ಹೋಗುವಾಗ ನಂಬರು ಬಿಟ್ಟು ಹೋದರೆ ಅದು ಉದ್ರಿ ಪುಸ್ತಕಕ್ಕಿಂತ ಬೆಲೆಯುಳ್ಳ ಪುಸ್ತಕ. 2018ರ ಜನವರಿಯಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಣ್ಣ ವ್ಯಾಪಾರಿಗೆಂದೇ ಮಾಡಿದ್ದು, ಹಾಕಿಕೊಳ್ಳಲು ಕಾಸಿಲ್ಲ. ಮಾಲಿನ ಫೋಟೋ, ಬೆಲೆ ಅದರಲ್ಲೇ ಜೋಡಿಸಿಡಬಹುದು. ಅಂಗಡಿ ಮುಚ್ಚಿದ ಮೇಲೆ ವಿಚಾರಿಸಿದವರಿಗೆ ‘ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತೇವೆ’ ಎಂದು ಅದೇ ಉತ್ತರ ಕೊಡುತ್ತದೆ.

ಆದರೆ ನಂಬರು ಸಿಕ್ಕಿತೆಂದು ಬೆಳಗಾದರೆ ‘ಶುಭೋದಯ’ ಕಳಿಸಿದರೆ ಗಿರಾಕಿ ಬ್ಲಾಕ್ ಮಾಡುತ್ತಾನೆ. ಕೇಳಿ, ಒಪ್ಪಿದವರ ನಂಬರು ಮಾತ್ರ ಬರೆದುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಒಪ್ಪಿಗೆಯೇ. ಶಾಲೆ ಶುರುವಾಗುವ ಮೊದಲು ಯೂನಿಫಾರ್ಮ್ ವಿಷಯ, ಮದುವೆ ಕಾಲಕ್ಕೆ ಮುಂಚೆ ಹೊಸ ಮಾಲಿನ ವಿಷಯ, ಇಷ್ಟು ಕಳಿಸಿದರೆ ಸಾಕು.

ಫೋನು ಮಾಡುವ ಮೋಸಗಾರರು

ಗಿರಾಕಿ ಹುಡುಕುವವರ ಬೆನ್ನಿಗೆ ವ್ಯಾಪಾರಿಗಳನ್ನು ಹುಡುಕುವವರೂ ಬಿದ್ದಿದ್ದಾರೆ. “ಗೂಗಲ್‌ನಿಂದ ಮಾತಾಡ್ತಿದೀವಿ, ಇಷ್ಟು ಕಟ್ಟಿದ್ರೆ ನಿಮ್ಮ ಅಂಗಡಿ ಫಸ್ಟ್ ಬರುತ್ತೆ” ಎಂದು ಫೋನು ಬಂದರೆ ಇಟ್ಟುಬಿಡುವುದೇ ಸರಿ. ಮ್ಯಾಪಿನ ಪಟ್ಟಿಯಲ್ಲಿ ಮೇಲೆ ಬರಲು ದುಡ್ಡು ಕಟ್ಟುವ ದಾರಿಯೇ ಇಲ್ಲ ಎಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಫೋನಿಗೆ ಬಂದ ಒ.ಟಿ.ಪಿ. ಹೇಳಿದರಂತೂ ಅಂಗಡಿಯ ಖಾತೆಯೇ ಬೇರೆಯವರ ಪಾಲಾದೀತು. ದುಡ್ಡು ಕಳಕೊಂಡವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ದುಡ್ಡಿಗೆ ಐದು ಸ್ಟಾರ್ ಬರೆಸಿಕೊಡುವವರೂ ಇದ್ದಾರೆ. ಗೂಗಲ್ ಇದನ್ನು ಒಪ್ಪುವುದಿಲ್ಲ. ಸುಳ್ಳು ಅಭಿಪ್ರಾಯಗಳ ಕಾಟಕ್ಕೇ 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಒಂದು ಮಾನದಂಡ ಹೊರಡಿಸಿತು. ಅದೇ ವರ್ಷ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಮಾಲು ಸಾಕಷ್ಟು ಇಲ್ಲದೆ ಕಮ್ಮಿ ಬೆಲೆ ತೋರಿಸಿ ಜನರನ್ನು ಎಳೆಯುವುದೂ ತಪ್ಪು. ಕಾನೂನು ಬಿಡಿ, ಪೇಟೆಯಲ್ಲಿ ಸುಳ್ಳು ಬಹಳ ದಿನ ಬಾಳುವುದಿಲ್ಲ. ನಾಲ್ಕು ನಿಜವಾದ ಅಭಿಪ್ರಾಯ, ಅದರಲ್ಲೊಂದು ದೂರೇ ಇರಲಿ, ಅದಕ್ಕೆ ಅಂಗಡಿಯವರ ಮರ್ಯಾದೆಯ ಉತ್ತರವಿದ್ದರೆ ಓದಿದವನಿಗೆ ನಂಬಿಕೆ ಹುಟ್ಟುತ್ತದೆ.

ಮೊಬೈಲಿಗೆ ಬಂದರೆ ತೆರಿಗೆಯವರು ಬರ್ತಾರೆ ಎಂಬ ಭಯ ಇನ್ನೂ ಕೆಲವರಿಗೆ. ಕಾರಣವಿಲ್ಲದಿಲ್ಲ. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ ಬೆಂಗಳೂರಿನಲ್ಲಿ ‘ನಗದು ಮಾತ್ರ’ ಎಂಬ ಬೋರ್ಡುಗಳು ತೂಗಿದವು. ಆದರೆ ಜಿ.ಎಸ್.ಟಿ. ನೋಂದಣಿ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ವಹಿವಾಟು: ಸಾಮಾನ್ಯವಾಗಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ಮ್ಯಾಪಿನಲ್ಲಿ ಹೆಸರು ಇದ್ದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ. ಹೆಸರು ಇಲ್ಲದಿದ್ದರೆ ಗಿರಾಕಿ ಮಾತ್ರ ಖಂಡಿತ ತಪ್ಪುತ್ತಾನೆ.

ಮನೆ ಬಾಗಿಲಿಗೆ ಮಾಲು ತಲುಪಿಸುವ ದೊಡ್ಡ ಕಂಪನಿಗಳ ಹತ್ತಿರ ಇರುವ ದುಡ್ಡು ಚೌಕಿಪೇಟೆಯವರ ಹತ್ತಿರ ಇಲ್ಲ. ಅವರಂತೆ ಊರಿಗೆಲ್ಲ ಕೂಗಲು ಹೊರಟರೆ ಗಂಟಲೂ ಹೋಯಿತು, ಗಂಟೂ ಹೋಯಿತು. ಯಾವ ಓಣಿಯವರು ಏನು ಕೊಳ್ಳುತ್ತಾರೆ, ಯಾವ ಊರವರ ಕೈಗೆ ಯಾವ ತಿಂಗಳು ಕಾಸು ಬರುತ್ತದೆ ಎಂಬುದು ಆ ಕಂಪನಿಗಳಿಗಿಂತ ಪೇಟೆಯವರಿಗೇ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ಮೊಬೈಲಿಗೆ ಹೇಳಿಕೊಟ್ಟವರ ಅಂಗಡಿ ಉಳಿದೀತು. ಬರೀ ಬೂಸ್ಟ್ ಗುಂಡಿ ಒತ್ತುವವರು ಲೈಕು ಎಣಿಸುತ್ತ ಕೂರಬೇಕಾದೀತು.